ಬುಡಾಪೆಸ್ಟಿನ ಪ್ರತಿಮೆಗಳು ಒಂದು ಕಡೆ ಯಾಕೆ ನಿಲ್ಲೋದಿಲ್ಲ?

ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್. ನಮ್ಮ ಟೂರ್ ಪ್ಯಾಕೇಜುಗಳಲ್ಲಿ ಈ ಮೂರೂ ಊರು ಒಟ್ಟಿಗೇ ಬರುತ್ತವೆ. ಹಂಗೇರಿಯ ರಾಜಧಾನಿ ಬುಡಾಪೆಸ್ಟಿಗೆ ಸಿಗುವುದು ಹೆಚ್ಚೆಂದರೆ ಎರಡು ದಿನ. ಡ್ಯಾನ್ಯೂಬ್ ನದಿಯಲ್ಲಿ ಒಂದು ಸುತ್ತು, ಪಾರ್ಲಿಮೆಂಟ್ ಎದುರು ಫೋಟೊ, ಬಿಸಿನೀರಿನ ಕೊಳದಲ್ಲಿ ಸ್ನಾನ, ಅಲ್ಲಿಗೆ ಮುಗೀತು. ಸ್ವಲ್ಪ ಕುತೂಹಲ ಇರುವವರು ಮಾತ್ರ ಕಮ್ಯುನಿಸ್ಟರ ಕಾಲದ್ದು ಏನಾದರೂ ಉಳಿದಿದೆಯಾ ನೋಡೋಣ ಅಂತ ಹೊರಡುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿಂದ.

ಲೆನಿನ್‌ನನ್ನು ಊರಾಚೆಯ ಒಂದು ಪಾರ್ಕಿಗೆ ಸಾಗಿಸಿದ್ದಾರೆ. ಆದರೆ ಸೋವಿಯತ್ ಸೈನ್ಯದ ಸ್ಮಾರಕ ನಡುಪೇಟೆಯಲ್ಲಿ, ಅದೂ ಅಮೆರಿಕದ ರಾಯಭಾರ ಕಚೇರಿಯ ಪಕ್ಕದಲ್ಲೇ, ಗಟ್ಟಿಯಾಗಿ ನಿಂತಿದೆ. ಸೋವಿಯತ್ ಯಜಮಾನಿಕೆಯನ್ನು ಎದುರು ಹಾಕಿಕೊಂಡು ಗಲ್ಲಿಗೇರಿದ ಪ್ರಧಾನಿಯ ಪ್ರತಿಮೆಯನ್ನು ಮಾತ್ರ ಪಾರ್ಲಿಮೆಂಟ್ ಪಕ್ಕದಿಂದ ಎತ್ತಿಬಿಟ್ಟಿದ್ದಾರೆ. ಅವನೂ ಕಮ್ಯುನಿಸ್ಟೇ. ಏನಿದು ಲೆಕ್ಕ ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ?

ಹಿಂದಿನ ಕಥೆಯನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ: 1919ರಲ್ಲಿ 133 ದಿನ ಬೇಲಾ ಕುನ್ ನಡೆಸಿದ ಕಮ್ಯುನಿಸ್ಟ್ ಸರ್ಕಾರ, ಅದಾದ ಮೇಲೆ ಕಾಲು ಶತಮಾನ ಅಡ್ಮಿರಲ್ ಹೋರ್ತಿಯ ಬಲಪಂಥೀಯ ಆಳ್ವಿಕೆ, 1944ರಲ್ಲಿ ಜರ್ಮನ್ ಸೈನ್ಯ, ಅವರ ಹಿಂದೆಯೇ ಆರೋ ಕ್ರಾಸ್ ಅನ್ನುವ ಹಂಗೇರಿಯದ್ದೇ ನಾಜಿ ಪಕ್ಷ, 1945ರಲ್ಲಿ ಸೋವಿಯತ್ ಕೆಂಪು ಸೈನ್ಯ, ಆಮೇಲೆ ನಾಲ್ಕು ದಶಕ ಕಮ್ಯುನಿಸ್ಟರ ಒಂದೇ ಪಕ್ಷದ ರಾಜ್ಯಭಾರ. ಇವರಲ್ಲಿ ಪ್ರತಿಯೊಬ್ಬರೂ ಬಂದ ಕೂಡಲೇ ಹಿಂದಿನವರ ಕಲ್ಲು ಕಿತ್ತು ತಮ್ಮ ಕಲ್ಲು ನೆಟ್ಟರು. ಸಿಟಿ ಪಾರ್ಕ್ ಅಂಚಿನಲ್ಲಿದ್ದ ರೆಗ್ನುಮ್ ಮಾರಿಯಾನುಮ್ ಚರ್ಚನ್ನು 1951ರಲ್ಲಿ ಕೆಡವಿದರು. ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲಿನ ಮೆರವಣಿಗೆ ಮೈದಾನದ ಬದಿಯಲ್ಲಿ ಸ್ಟಾಲಿನ್ ಎದ್ದು ನಿಂತ. ಶಾಂದೋರ್ ಮಿಕುಶ್ ಮಾಡಿದ್ದ ಕಂಚಿನ ಪ್ರತಿಮೆ 8 ಮೀಟರ್, ಕೆಳಗಿನ ವೇದಿಕೆಯೂ ಸೇರಿ ಸುಮಾರು 25 ಮೀಟರ್. ಮೇ ದಿನದ ಪರೇಡ್ ಬಂದರೆ ಪಕ್ಷದ ದೊಡ್ಡವರು ಅವನ ಕಾಲ ಬುಡದಲ್ಲಿ ನಿಂತು ಜನರತ್ತ ಕೈ ಬೀಸುತ್ತಿದ್ದರು.

ಐದು ವರ್ಷವೂ ನಿಲ್ಲಲಿಲ್ಲ. 1956ರ ಅಕ್ಟೋಬರಿನಲ್ಲಿ ಸರ್ಕಾರದ ವಿರುದ್ಧ ದಂಗೆ ಶುರುವಾದಾಗ ವಿದ್ಯಾರ್ಥಿಗಳು ಬರೆದ 16 ಬೇಡಿಕೆಗಳಲ್ಲಿ ಈ ಪ್ರತಿಮೆ ತೆಗೆಯಬೇಕು ಅನ್ನುವುದೂ ಒಂದು. 23ರ ರಾತ್ರಿ ಜನ ಅರ್ಜಿಯ ಉತ್ತರಕ್ಕೆ ಕಾಯಲಿಲ್ಲ. ಹಗ್ಗ ಕಟ್ಟಿ ಎಳೆದರು, ಜಗ್ಗಲಿಲ್ಲ. ಕಾರ್ಮಿಕರು ವೆಲ್ಡಿಂಗ್ ಟಾರ್ಚ್ ತಂದು ಮೊಣಕಾಲ ಕೆಳಗೆ ಕೊಯ್ದರು. ಒಂಬತ್ತೂವರೆ ಹೊತ್ತಿಗೆ ಆ ಮಹಾಕಾಯ ಧೊಪ್ಪನೆ ಬಿತ್ತು, ಬೂಟು ಮಾತ್ರ ಅಲ್ಲೇ ಉಳಿಯಿತು. ಬೂಟಿನೊಳಗೆ ಹಂಗೇರಿಯ ಬಾವುಟ ಸಿಕ್ಕಿಸಿದರು. ದೇಹವನ್ನು ಪೇಟೆಯ ಮಧ್ಯದ ಬ್ಲಹಾ ಲುಯ್ಜಾ ಚೌಕದವರೆಗೂ ಎಳೆದೊಯ್ದು ಸುತ್ತಿಗೆಯಲ್ಲಿ ಬಡಿದು ಚೂರು ಮಾಡಿದರು, ಸಿಕ್ಕವರಿಗೆ ಸಿಕ್ಕ ಚೂರು. ಒಂದು ಕೈ ಈಗ ನ್ಯಾಷನಲ್ ಮ್ಯೂಸಿಯಂನಲ್ಲಿದೆ. ಆ ಜಾಗಕ್ಕೆ ಜನ ಬೂಟು ಚೌಕ ಅಂತಲೇ ಹೆಸರಿಟ್ಟರು.

ನವೆಂಬರ್ 4ಕ್ಕೆ ದಂಗೆ ಹತ್ತಿಕ್ಕಲು ಸೋವಿಯತ್ ಟ್ಯಾಂಕುಗಳು ಬಂದವು. ಸುಮಾರು 2,500 ಹಂಗೇರಿಯನ್ನರು ಸತ್ತರು, ಹತ್ತಿರ ಹತ್ತಿರ 2 ಲಕ್ಷ ಜನ ಗಡಿ ದಾಟಿದರು. ದಂಗೆಯ ಪ್ರಧಾನಿ ಇಮ್ರೆ ನಾಜ್‌ನನ್ನು 1958ರ ಜೂನ್ 16ರಂದು ಗಲ್ಲಿಗೇರಿಸಿದರು. ಈ ಕಥೆಯಲ್ಲಿ ನಮ್ಮ ದೇಶದ ಪಾತ್ರವೂ ಎರಡು ಬಗೆಯದು. ವಿಶ್ವಸಂಸ್ಥೆಯಲ್ಲಿ ಸೋವಿಯತ್ ಸೈನ್ಯ ವಾಪಸಾಗಲಿ, ಚುನಾವಣೆ ನಡೆಯಲಿ ಎಂಬ ಗೊತ್ತುವಳಿ ಬಂದಾಗ ಕೃಷ್ಣ ಮೆನನ್ ಭಾರತದ ಪರವಾಗಿ ವಿರುದ್ಧ ಮತ ಹಾಕಿದರು. ಅದೇ ಹೊತ್ತಿಗೆ ಬುಡಾಪೆಸ್ಟಿನಲ್ಲಿದ್ದ ಭಾರತದ ರಾಜತಾಂತ್ರಿಕರು ಬಂಡುಕೋರರಿಗೆ ಸದ್ದಿಲ್ಲದೆ ನೆರವಾಗುತ್ತಿದ್ದರು. ಆಗ ಜೀವಾವಧಿ ಶಿಕ್ಷೆಯಾದ ಆರ್ಪಾದ್ ಗೋಂಟ್ಸ್ ಗಲ್ಲಿನಿಂದ ಪಾರಾದದ್ದು ಭಾರತದ ಮಧ್ಯಸ್ಥಿಕೆಯಿಂದ ಅಂತ ಹೇಳುತ್ತಾರೆ. ಅವರು 1990ರಿಂದ ಹತ್ತು ವರ್ಷ ಹಂಗೇರಿಯ ರಾಷ್ಟ್ರಪತಿಯಾಗಿದ್ದರು.

ದಂಗೆಯ ನಂತರದ ಮೂವತ್ತೆರಡು ವರ್ಷ ಕಮ್ಯುನಿಸ್ಟ್ ಪಕ್ಷದ ನಾಯಕ ಯಾನೊಶ್ ಕಾದಾರ್ ಕಾಲ. ರಾಜಕೀಯ ಮಾತಾಡಬೇಡಿ, ನಿಮ್ಮ ಪಾಡಿಗೆ ನೀವಿರಿ, ಊಟಕ್ಕೆ, ರಜೆಗೆ, ಸಣ್ಣದೊಂದು ಕಾರಿಗೆ ಕೊರತೆ ಮಾಡೋದಿಲ್ಲ ಅನ್ನುವ ಒಪ್ಪಂದ.

1989ರಲ್ಲಿ ಕಮ್ಯುನಿಸ್ಟ್ ಆಳ್ವಿಕೆ ಕುಸಿದು ಎಲ್ಲ ತಲೆಕೆಳಗಾಯಿತು. ನನಗೆ ಈ ಇಡೀ ಇತಿಹಾಸದಲ್ಲಿ ತುಂಬ ಇಷ್ಟವಾಗುವುದು ಅಲ್ಲಿಂದ ಮುಂದಿನ ನಾಲ್ಕು ವರ್ಷ. ಅವತ್ತು ಬೇಕಾದರೆ ಎಲ್ಲವನ್ನೂ ಪುಡಿಗಟ್ಟಬಹುದಿತ್ತು. 1956ರ ಮಾದರಿ ಕಣ್ಣಮುಂದೆಯೇ ಇತ್ತು. ಈ ಸಲ ಹಾಗಾಗಲಿಲ್ಲ. ಲೆನಿನ್ ಹೋದದ್ದೇ ಒಂದು ತಮಾಷೆ. ಸ್ಟಾಲಿನ್ ಬಿದ್ದ ಮೈದಾನದಲ್ಲೇ 1965ರಲ್ಲಿ ಲೆನಿನ್‌ನನ್ನು ನಿಲ್ಲಿಸಿದ್ದರು. 1989ರಲ್ಲಿ ರಿಪೇರಿ ಮಾಡಬೇಕು ಅಂತ ಹೇಳಿ ಇಳಿಸಿ ಒಯ್ದರು. ವಾಪಸ್ ತರಲೇ ಇಲ್ಲ. ಗಲಾಟೆ ಇಲ್ಲ, ಭಾಷಣ ಇಲ್ಲ.

ಉಳಿದವುಗಳಿಗೆ ಏನು ಮಾಡುವುದು? ಒಡೆಯಿರಿ ಅಂದವರಿದ್ದರು. ಇದ್ದಲ್ಲೇ ಇರಲಿ, ನಮ್ಮ ಬಾಲ್ಯವೆಲ್ಲ ಇವುಗಳ ನೆರಳಲ್ಲೇ ಕಳೆದಿದೆ ಅಂದವರೂ ಇದ್ದರು. ಲಾಸ್ಲೋ ಸೊರೇನ್ಯಿ ಎಂಬ ಸಾಹಿತ್ಯ ಚರಿತ್ರಕಾರರು ಎಲ್ಲ ಲೆನಿನ್‌ಗಳನ್ನೂ ಒಟ್ಟುಗೂಡಿಸಿ ಒಂದು ಲೆನಿನ್ ತೋಟ ಮಾಡಿ ಅಂತ ಬರೆದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೊನೆಗೆ 1991ರಲ್ಲಿ ನಗರಸಭೆ ತೀರ್ಮಾನವನ್ನು ಒಂದೊಂದು ಬಡಾವಣೆಯ ಆಡಳಿತಕ್ಕೇ ಬಿಟ್ಟಿತು: ನಿಮ್ಮಲ್ಲಿರುವ ಪ್ರತಿಮೆ ಬೇಕೋ ಬೇಡವೋ ನೀವೇ ಹೇಳಿ, ಬೇಡವಾದದ್ದಕ್ಕೆ ಒಂದು ಪಾರ್ಕ್ ಕಟ್ಟೋಣ. ಪಾರ್ಕಿನ ವಿನ್ಯಾಸಕ್ಕೆ ಸ್ಪರ್ಧೆ ನಡೆಯಿತು, ಆಕೋಶ್ ಎಲೆಯೋಡ್ ಅನ್ನುವ ಯುವ ವಾಸ್ತುಶಿಲ್ಪಿ ಗೆದ್ದರು. 1993ರಲ್ಲಿ, ಕೊನೆಯ ಸೋವಿಯತ್ ಸೈನಿಕ ದೇಶ ಬಿಟ್ಟು ಎರಡು ವರ್ಷಕ್ಕೆ, ಪಾರ್ಕ್ ತೆರೆಯಿತು. ಅದೇ ಇವತ್ತಿನ ಮೆಮೆಂಟೊ ಪಾರ್ಕ್.

ಅಲ್ಲಿಗೆ ಹೋದರೆ ಮೊದಲು ಕಾಣುವುದು ಕೆಂಪು ಇಟ್ಟಿಗೆಯ ದೊಡ್ಡ ಮುಂಗೋಡೆ. ನೋಡೋಕೆ ಅರಮನೆಯ ಮುಂಭಾಗ, ಹಿಂದೆ ಕಟ್ಟಡವೇ ಇಲ್ಲ. ಒಂದು ಕಡೆ ರಿಪೇರಿಗೆ ಹೋದ ಅದೇ ಲೆನಿನ್, ಇನ್ನೊಂದು ಕಡೆ ಗ್ರಾನೈಟಿನ ಮಾರ್ಕ್ಸ್ ಮತ್ತು ಎಂಗೆಲ್ಸ್. ನಡುವಿನ ದೊಡ್ಡ ಬಾಗಿಲು ಯಾವಾಗಲೂ ಮುಚ್ಚಿರುತ್ತದೆ, ಒಳಗೆ ಹೋಗಬೇಕಾದವರು ಪಕ್ಕದ ಸಣ್ಣ ಗೇಟು ಹುಡುಕಬೇಕು. ಒಳಗೆ ಒಂದು ನೆಟ್ಟಗಿನ ದಾರಿ, ಅದರ ಎರಡೂ ಬದಿಗೆ ಸುತ್ತು ಹೊಡೆದು ಮತ್ತೆ ಅಲ್ಲಿಗೇ ಬಂದು ಸೇರುವ ಕಾಲುದಾರಿಗಳು. ನೆಟ್ಟಗೆ ನಡೆದರೆ ಕೊನೆಯಲ್ಲಿ ಸಿಗುವುದು ಇಟ್ಟಿಗೆ ಗೋಡೆ. ಬೋರ್ಡಿನಲ್ಲಿ ವಿವರಣೆ ಕಡಿಮೆ. ಇವನು ಕೆಟ್ಟವನು, ಇವನನ್ನು ನೋಡಿ ನಗಿ ಅಂತ ಯಾರೂ ಹೇಳಿಕೊಡುವುದಿಲ್ಲ.

ಅಲ್ಲಿರುವ 42 ಪ್ರತಿಮೆ, ಫಲಕಗಳಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಓಡುತ್ತಿರುವ ಒಬ್ಬ ನಾವಿಕ. 1919ರ ಪೋಸ್ಟರ್ ಒಂದನ್ನು ನೋಡಿ 1969ರಲ್ಲಿ ಮಾಡಿದ್ದು. ಬಾಯಿ ತೆರೆದು, ಕೈಯಲ್ಲಿ ಬಟ್ಟೆ ಹಿಡಿದು ಮುಂದಕ್ಕೆ ನುಗ್ಗುತ್ತಿದ್ದಾನೆ. ಬುಡಾಪೆಸ್ಟಿನ ಜನ ಇವನನ್ನು ನೋಡಿ, ಪಾಪ, ಥಿಯೇಟರಿನಲ್ಲಿ ಕೋಟು ಕಾಯುವವನು, ಯಾರೋ ಬಿಟ್ಟುಹೋದ ಸ್ಕಾರ್ಫ್ ಕೊಡೋಕೆ ಹಿಂದೆ ಓಡ್ತಿದ್ದಾನೆ ಅಂತ ನಗುತ್ತಿದ್ದರಂತೆ. ಪಕ್ಷ ಏನೇ ಹೇಳಲಿ, ಜನ ತಮಗೆ ಕಂಡದ್ದನ್ನೇ ಕಾಣುತ್ತಿದ್ದರು. ಕ್ಯಾಪ್ಟನ್ ಒಸ್ತ್ಯಾಪೆಂಕೊ ಇನ್ನೊಬ್ಬ. 1944ರ ಡಿಸೆಂಬರಿನಲ್ಲಿ ಶರಣಾಗತಿಯ ಮಾತುಕತೆಗೆ ಬಿಳಿ ಬಾವುಟ ಹಿಡಿದು ಹೋಗಿ ಸತ್ತ ಸೋವಿಯತ್ ಅಧಿಕಾರಿ. ಹೇಗೆ ಸತ್ತ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಅವನ ಪ್ರತಿಮೆ ಇದ್ದದ್ದು ಬಾಲಟನ್ ಸರೋವರದ ಕಡೆಗೆ ಹೆದ್ದಾರಿ ಕವಲೊಡೆಯುವ ಜಾಗದಲ್ಲಿ. ಬೇಸಗೆ ರಜೆಯಲ್ಲಿ ಹುಡುಗ ಹುಡುಗಿಯರು ಅವನ ಕಾಲಡಿ ನಿಂತು ಸಿಕ್ಕ ಕಾರಿಗೆ ಕೈ ಅಡ್ಡ ಹಾಕಿ ಲಿಫ್ಟ್ ಕೇಳುತ್ತಿದ್ದರು. ಅವರಿಗೆ ಅದು ರಜೆ ಶುರುವಾಗುವ ಜಾಗ, ಅಷ್ಟೆ. ಅವನು ಪಾರ್ಕಿಗೆ ಹೋಗಿ ಮೂವತ್ತು ವರ್ಷ ದಾಟಿದರೂ ಆ ಕವಲಿಗೆ ಜನರ ಬಾಯಲ್ಲಿ ಇನ್ನೂ ಅವನದೇ ಹೆಸರು.

ಮೂರನೆಯದು ಬೇಲಾ ಕುನ್ ಸ್ಮಾರಕ. ಇಮ್ರೆ ವರ್ಗಾ 1986ರಲ್ಲಿ ಮಾಡಿದ್ದು. ಲೋಹದ ತಗಡಿನಲ್ಲಿ ಕೊರೆದ ಜನರ ಗುಂಪು. ಒಂದು ತುದಿಯಲ್ಲಿ ಕೊಡೆ ಹಿಡಿದ ನಾಗರಿಕರು, ಮುಂದೆ ಮುಂದೆ ಹೋದಂತೆ ಅವರೇ ಬಂದೂಕು ಹಿಡಿದ ಸೈನಿಕರು. ಮೇಲೆ ನಿಂತು ಕೈ ಬೀಸಿ ಕಳಿಸುತ್ತಿರುವ ಕುನ್, ಪಕ್ಕದಲ್ಲೊಂದು ಬೀದಿದೀಪದ ಕಂಬ. ಆ ಕಂಬ ನೋಡಿ ಗಲ್ಲುಗಂಬ ನೆನಪಾದರೆ ತಪ್ಪಿಲ್ಲ, ಯಾಕೆಂದರೆ ಕುನ್‌ನನ್ನು ಕೊಂದದ್ದು ಸ್ಟಾಲಿನ್ ಕಾಲದ ಸೋವಿಯತ್ ಸರ್ಕಾರವೇ. ಪಕ್ಷವೇ ದುಡ್ಡು ಕೊಟ್ಟು ಮಾಡಿಸಿದ ಈ ಸ್ಮಾರಕದಲ್ಲಿ ಹೊಗಳಿಕೆ ಎಷ್ಟು, ವ್ಯಂಗ್ಯ ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಈ ವರ್ಗಾ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಎಲ್ಲವೂ ಪಾರ್ಕಿಗೆ ಹೋಗಲಿಲ್ಲ. ಗೆಲ್ಲೇರ್ಟ್ ಗುಡ್ಡದ ಮೇಲೆ ತಾಳೆಗರಿ ಎತ್ತಿ ಹಿಡಿದ ಹೆಂಗಸಿನ ಪ್ರತಿಮೆ 1947ರದ್ದು, ಸೋವಿಯತ್ ವಿಮೋಚನೆಯ ಸ್ಮಾರಕ. ಅವಳ ಕಾಲ ಬಳಿಯಿದ್ದ ಸೈನಿಕನನ್ನು 1992ರಲ್ಲಿ ಪಾರ್ಕಿಗೆ ಕಳಿಸಿದರು, ಕಲ್ಲಿನ ಮೇಲಿನ ಬರಹ ಬದಲಿಸಿದರು, ಅವಳು ಅಲ್ಲೇ ಉಳಿದಳು. ಅದೇ ವರ್ಷ ತಮಾಶ್ ಸೆಂಟ್ಯೋಬಿ ಎಂಬ ಕಲಾವಿದ ಕೆಲವು ದಿನ ಇಡೀ ಪ್ರತಿಮೆಗೆ ಬಿಳಿ ಬಟ್ಟೆ ಹೊದಿಸಿ, ಕಣ್ಣಿಗೆ ಎರಡು ತೂತು ಬಿಟ್ಟು ದೆವ್ವ ಮಾಡಿ ನಿಲ್ಲಿಸಿದ. ಊರಿಗೆ ಊರೇ ನೋಡಿತು. ಜಗಳವಾಡುತ್ತ, ನಗುತ್ತ, ಒಬ್ಬರಿಗೊಬ್ಬರು ಬೈಯುತ್ತ ಆ ವರ್ಷಗಳಲ್ಲಿ ಎಷ್ಟೊಂದು ನಿರ್ಧಾರವಾಯಿತು.

ಮುಂದಿನ ಘಟ್ಟದಲ್ಲಿ ಆ ನಗು ಇಲ್ಲ. 2002ರ ಫೆಬ್ರವರಿ 24ರಂದು, ಚುನಾವಣೆಗೆ ಎರಡು ತಿಂಗಳೂ ಇಲ್ಲದಾಗ, ಆಂದ್ರಾಶಿ ರಸ್ತೆಯ 60ನೇ ನಂಬರಿನಲ್ಲಿ ಹೌಸ್ ಆಫ್ ಟೆರರ್ ಅನ್ನುವ ಮ್ಯೂಸಿಯಂ ತೆರೆಯಿತು. ಜಾಗದ ಆಯ್ಕೆಯಲ್ಲಿ ತಪ್ಪು ಹುಡುಕುವಂತಿಲ್ಲ. ಅದು ಮೊದಲು ಆರೋ ಕ್ರಾಸ್ ಪಕ್ಷದ ಕೇಂದ್ರ ಕಚೇರಿ, 1945ರಿಂದ ಕಮ್ಯುನಿಸ್ಟರ ಗುಪ್ತ ಪೊಲೀಸರ ಅಡ್ಡೆ. ಒಳಗೆ ಹೋದರೆ ಒಂದು ಟ್ಯಾಂಕ್, ಅದರ ಹಿಂದೆ ನೆಲದಿಂದ ಚಾವಣಿವರೆಗೆ ಸತ್ತವರ ಮುಖಗಳು. ಕೊನೆಗೆ ಗಾಜಿನ ಲಿಫ್ಟಿನಲ್ಲಿ ನೆಲಮಾಳಿಗೆಗೆ ಇಳಿಯಬೇಕು. ಲಿಫ್ಟ್ ಬೇಕೆಂದೇ ನಿಧಾನ. ಇಳಿಯುವಾಗ ಎದುರಿನ ಪರದೆಯಲ್ಲಿ, ಗಲ್ಲಿಗೇರಿಸುವ ಜಾಗದಲ್ಲಿ ಸ್ವಚ್ಛ ಮಾಡುವ ಕೆಲಸಕ್ಕಿದ್ದ ಒಬ್ಬ ಮುದುಕ ಅಲ್ಲಿ ಏನೇನು ನಡೆಯುತ್ತಿತ್ತು ಅಂತ ತಣ್ಣಗೆ ಹೇಳುತ್ತಾನೆ. ಕಣ್ಣು ತಿರುಗಿಸೋಣ ಅಂದರೂ ಜಾಗವಿಲ್ಲ. ಕೆಳಗೆ ಕತ್ತಲ ಕೋಣೆಗಳು.

ಮನಸ್ಸಿಗೆ ನಾಟುತ್ತದೆ, ಅದರಲ್ಲಿ ಎರಡು ಮಾತಿಲ್ಲ. ತಕರಾರು ಇರುವುದು ಅಳತೆಯಲ್ಲಿ. 1944ರ ಬೇಸಗೆಯ ಎಂಟು ವಾರಗಳಲ್ಲಿ ಹಂಗೇರಿಯಿಂದ ಸುಮಾರು 4 ಲಕ್ಷ 37 ಸಾವಿರ ಯಹೂದಿಗಳನ್ನು ಸಾಗಿಸಿದರು, ಬಹುಪಾಲು ಆಶ್ವಿಟ್ಜ್‌ಗೆ. ಸಾಗಿಸಿದ ಕೆಲಸದಲ್ಲಿ ಹಂಗೇರಿಯ ಪೊಲೀಸರು, ಗುಮಾಸ್ತರು, ರೈಲ್ವೆಯವರು ಎಲ್ಲರೂ ಇದ್ದರು. ಈ ಮ್ಯೂಸಿಯಂನಲ್ಲಿ ಆ ಕಾಲಕ್ಕೆ ಸಿಕ್ಕಿರುವುದು ಕೆಲವೇ ಕೋಣೆ, ಉಳಿದದ್ದೆಲ್ಲ ಕಮ್ಯುನಿಸ್ಟರ ಕಥೆ. ಅದರಲ್ಲೂ ಹೆಚ್ಚಿನದು 1956ರವರೆಗಿನದು. ಇವತ್ತಿನ ಹಂಗೇರಿಯನ್ನರು ಕಣ್ಣಾರೆ ಕಂಡ ಕಾದಾರ್ ಕಾಲ, ಅರ್ಧ ಹೊಟ್ಟೆತುಂಬ ಊಟ ಅರ್ಧ ಬಾಯಿಗೆ ಬೀಗ, ಅದು ತೆಳ್ಳಗೆ ಕಾಣುತ್ತದೆ. ಒಳ್ಳೆಯದು ಕೆಟ್ಟದ್ದು ಕಲಸಿಹೋದ ಕಾಲಕ್ಕೆ ಮ್ಯೂಸಿಯಂ ಕಟ್ಟುವುದು ಕಷ್ಟವೇ ಇರಬೇಕು. ಪಾರ್ಕಿನಲ್ಲೂ ಕಾದಾರ್ ಪ್ರತಿಮೆ ಇಲ್ಲ. ಅವನಿದ್ದದ್ದು ಸ್ಮಶಾನದಲ್ಲಿ. 2007ರ ಮೇ ತಿಂಗಳಲ್ಲಿ ಯಾರೋ ಸಮಾಧಿ ಅಗೆದು ತಲೆಬುರುಡೆ ಕದ್ದೊಯ್ದರು.

2010ರಲ್ಲಿ ವಿಕ್ಟರ್ ಓರ್ಬಾನ್ ಸರ್ಕಾರ ಬಂದ ಮೇಲೆ ಪ್ರತಿಮೆಗಳು ಮತ್ತೆ ಓಡಾಡತೊಡಗಿದವು. ಪಾರ್ಲಿಮೆಂಟ್ ಚೌಕವನ್ನು 1944ಕ್ಕೆ ಮೊದಲು ಇದ್ದ ಹಾಗೆ ಮಾಡುತ್ತೇವೆ ಅಂತ ನಿರ್ಧಾರವಾಯಿತು. ಆ ಚೌಕದಲ್ಲಿದ್ದ, ದೇಶದ ಮೊದಲ ಗಣರಾಜ್ಯ ಘೋಷಿಸಿದ ಮಿಹಾಯ್ ಕಾರೊಯಿ ಪ್ರತಿಮೆ 2012ರಲ್ಲಿ ಹೋಯಿತು. ಸ್ವಾತಂತ್ರ್ಯ ಚೌಕದಲ್ಲಿ 2014ರ ಜುಲೈನ ಒಂದು ರಾತ್ರಿ ಪೊಲೀಸ್ ಕಾವಲಿನಲ್ಲಿ ಜರ್ಮನ್ ಆಕ್ರಮಣದ ಸ್ಮಾರಕ ಬಂದು ಕೂತಿತು: ಹದ್ದು ಎರಗುತ್ತಿದೆ, ಕೆಳಗೆ ಹಂಗೇರಿಯಾಗಿ ಒಬ್ಬ ಅಮಾಯಕ ದೇವದೂತ. ಹಾಗಾದರೆ ರೈಲು ಹತ್ತಿಸಿದವರು ಯಾರು ಅಂತ ಜನ ಕೇಳಿದರು. ಸತ್ತವರ ಫೋಟೊ, ಹಳೇ ಸೂಟ್‌ಕೇಸು, ಚಪ್ಪಲಿ, ಕನ್ನಡಕ ತಂದು ಎದುರಿಗೇ ಸಾಲಾಗಿ ಇಟ್ಟರು. ಉದ್ಘಾಟನೆ ಅನ್ನುವ ಕಾರ್ಯಕ್ರಮವೇ ನಡೆಯಲಿಲ್ಲ. ಅದೇ ಚೌಕದ ಇನ್ನೊಂದು ತುದಿಯಲ್ಲಿ ಚಿನ್ನದ ಬಣ್ಣದ ನಕ್ಷತ್ರ ಹೊತ್ತ ಸೋವಿಯತ್ ಸ್ತಂಭ ಇದೆ. ರಷ್ಯಾ ಜೊತೆ ಯುದ್ಧ ಸ್ಮಾರಕಗಳ ಒಪ್ಪಂದ ಇರುವುದರಿಂದ ಅದನ್ನು ಯಾರೂ ಮುಟ್ಟುವಂತಿಲ್ಲ. ಸಾಲದು ಅಂತ 2011ರಿಂದ ಪಕ್ಕದಲ್ಲೇ ರೊನಾಲ್ಡ್ ರೇಗನ್ ಕೂಡ ನಿಂತಿದ್ದಾರೆ.

ಕೊನೆಗೆ ಇಮ್ರೆ ನಾಜ್ ಸರದಿ. 1989ರ ಜೂನ್ 16ರಂದು, ಗಲ್ಲಿಗೇರಿ ಸರಿಯಾಗಿ 31 ವರ್ಷ ತುಂಬಿದ ದಿನ, ಅವನಿಗೆ ಮರ್ಯಾದೆಯಿಂದ ಮತ್ತೆ ಮಣ್ಣು ಮಾಡಿದ್ದರು. ಲಕ್ಷಗಟ್ಟಲೆ ಜನ ಸೇರಿದ್ದ ಆ ಸಭೆಯಲ್ಲಿ ಸೋವಿಯತ್ ಸೈನ್ಯ ಹೊರಡಲಿ ಅಂತ ಗುಡುಗಿ ಹೆಸರಾದವರು ಆಗ 26 ವರ್ಷದ ಇದೇ ವಿಕ್ಟರ್ ಓರ್ಬಾನ್. 1996ರಲ್ಲಿ ಬಂದ ನಾಜ್ ಪ್ರತಿಮೆ ಒಂದು ಪುಟ್ಟ ಸೇತುವೆಯ ಮೇಲೆ, ಪಾರ್ಲಿಮೆಂಟ್ ಕಡೆ ಮುಖ ಮಾಡಿ ನಿಂತಿತ್ತು. ಪ್ರವಾಸಿಗಳು ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳದ ದಿನವಿರಲಿಲ್ಲ. 2018ರ ಡಿಸೆಂಬರ್ 28ರಂದು, ಬೆಳಕು ಹರಿಯುವ ಮೊದಲೇ, ಕ್ರೇನ್ ಬಂತು. ಆ ಜಾಗದಲ್ಲೀಗ 1919ರ ಬೇಲಾ ಕುನ್ ಸರ್ಕಾರದ ಕೆಂಪು ಹಿಂಸೆಗೆ ಬಲಿಯಾದವರ ಸ್ಮಾರಕ ಇದೆ, 1934ರಲ್ಲಿ ಅಲ್ಲಿದ್ದದ್ದರ ಹೊಸ ಪ್ರತಿ.

ಈಗ ವರ್ಗಾ ಹೆಸರಿಗೆ ಬರೋಣ. ಬೇಲಾ ಕುನ್ ಮಾಡಿದ ಇಮ್ರೆ ವರ್ಗಾ ಅವರೇ ಕಾರೊಯಿ ಪ್ರತಿಮೆಯನ್ನೂ ಮಾಡಿದ್ದರು. ಇಮ್ರೆ ನಾಜ್ ಪ್ರತಿಮೆ ಅವರ ಮಗ ತಮಾಶ್ ವರ್ಗಾ ಮಾಡಿದ್ದು. ಒಂದೇ ಮನೆಯ ಕೆಲಸ ಮೂರು ಸಲ ಎತ್ತಂಗಡಿ. ಮೊದಲನೆಯದು ಊರೆಲ್ಲ ವರ್ಷಗಟ್ಟಲೆ ಚರ್ಚೆ ಮಾಡಿದ ಮೇಲೆ ಹೋಯಿತು, ಉಳಿದೆರಡಕ್ಕೆ ಅಷ್ಟು ಪುರುಸೊತ್ತು ಸಿಗಲಿಲ್ಲ.

ಹೋಗುವವರಿಗೆ ನನ್ನ ಸಲಹೆ: ಮೊದಲು ಮೆಮೆಂಟೊ ಪಾರ್ಕ್, ಆಮೇಲೆ ಹೌಸ್ ಆಫ್ ಟೆರರ್. ಉಲ್ಟಾ ಮಾಡಿದರೆ ಪಾರ್ಕಿನ ತಮಾಷೆ ಕಾಣೋದಿಲ್ಲ. ಪಾರ್ಕಿಗೆ ಮೆಟ್ರೊದಲ್ಲಿ ಕೆಲೆನ್‌ಫೋಲ್ಡ್‌ವರೆಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಬೇಕು. ಬೂಟಿನ ಫೋಟೊ ಬೇಕಾದವರಿಗೂ ಅಲ್ಲೇ ಸಿಗುತ್ತದೆ. 2006ರಲ್ಲಿ, ದಂಗೆಯ 50ನೇ ವರ್ಷಕ್ಕೆ, ಗೇಟಿನ ಎದುರು ಸ್ಟಾಲಿನ್ ವೇದಿಕೆಯ ನಕಲು ಕಟ್ಟಿ ಮೇಲೆ ಬೂಟು ಇಟ್ಟಿದ್ದಾರೆ. ಹೌಸ್ ಆಫ್ ಟೆರರ್‌ಗೆ ಸೋಮವಾರ ರಜೆ, ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ. ಇಮ್ರೆ ನಾಜ್‌ನನ್ನು ನೋಡಬೇಕಾದರೆ ಪಾರ್ಲಿಮೆಂಟ್ ಪಕ್ಕದಲ್ಲಿ 2ನೇ ನಂಬರ್ ಟ್ರಾಮ್ ಹತ್ತಿ ಕೊನೆಯ ಸ್ಟಾಪ್ ಯಾಸಾಯ್ ಮಾರಿ ಚೌಕದಲ್ಲಿ ಇಳಿಯಿರಿ. 2019ರಿಂದ ಅಲ್ಲಿದ್ದಾನೆ, ಹಿಂದೆ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಕಚೇರಿಯಾಗಿದ್ದ ಬಿಳಿ ಕಟ್ಟಡದ ಹತ್ತಿರ.