ಅದು ದೇವರ ಕರೆಯೋ, ನನ್ನದೇ ದನಿಯೋ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ವಯಸ್ಸು 34. ಮನೆಯಲ್ಲಿ ಗಂಡ, ಇಬ್ಬರು ಮಕ್ಕಳು, ಅತ್ತೆ ಇದ್ದಾರೆ. ಒಂದು ವರ್ಷದಿಂದ ದೇವರು ನನ್ನನ್ನು ಇದಕ್ಕಿಂತ ದೊಡ್ಡ ಕೆಲಸಕ್ಕೆ ಕರೆಯುತ್ತಿದ್ದಾನೆ ಅನ್ನಿಸುತ್ತಿದೆ. ಪ್ರಾರ್ಥನೆಗೆ ಕೂತರೆ ಅದೇ ಯೋಚನೆ. ಅದು ನಿಜವಾಗಿ ದೇವರ ಕರೆಯೋ, ನನ್ನ ಮನಸ್ಸಿನ ಆಸೆಯೋ? ಹೇಗೆ ಗೊತ್ತು ಮಾಡಿಕೊಳ್ಳಲಿ? ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಹೋಗಲೇ?

ಉತ್ತರ: ತಂಗಿ, ಮೊದಲು ಕೊನೆಯ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಈಗಲೇ ಕೆಲಸ ಬಿಡಬೇಡಿ. ದೇವರು ನಿಮ್ಮನ್ನು ಕರೆಯುತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ಕರೆಯುತ್ತಿರಬಹುದು. ಆದರೆ ಯಾರ ಹತ್ತಿರ ಹೋಗು ಅಂತ ಕರೆಯುತ್ತಿದ್ದಾನೆ ಅನ್ನುವುದು ನಿಮ್ಮ ಪತ್ರದಲ್ಲಿ ಇನ್ನೂ ಬಂದಿಲ್ಲ. ಅದು ಗೊತ್ತಾಗುವವರೆಗೆ ಕಾಯಿರಿ.

ನೀವು ವಿಜಯಪುರದ ಕಡೆಯವರು, ಗೋಳಗುಮ್ಮಟ ಹತ್ತಿಯೇ ಇರುತ್ತೀರಿ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗದ ಟೀಚರ್ ಆ ಕಡೆ ಇಲ್ಲ, ಅಲ್ವಾ? ಮೇಲಿನ ಮೊಗಸಾಲೆಯಲ್ಲಿ ನಿಂತು ಒಂದು ಸಲ ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಮರಳಿ ಬರುತ್ತದೆ. ಹೆಸರು ಕೂಗಿದರೆ ಅದೇ ಹೆಸರು ಸುತ್ತಿ ಬಂದು ಕಿವಿಗೆ ಬೀಳುತ್ತದೆ. ಚಿಕ್ಕವನಿದ್ದಾಗ ಅಲ್ಲಿ ಯಾರೋ ನನ್ನನ್ನು ಕರೆದ ಹಾಗೆ ಅನ್ನಿಸಿತ್ತು. ಕರೆದವನು ನಾನೇ. ಪ್ರಾರ್ಥನೆಯಲ್ಲೂ ಹೀಗೆ ಆಗುತ್ತದೆ. ನಾವು ಕೂಗಿದ್ದೇ ಗುಮ್ಮಟ ಸುತ್ತಿ ಬರುತ್ತದೆ. ದೊಡ್ಡದಾಗಿ ಕೇಳುವುದರಿಂದ ದೇವರ ದನಿ ಅನ್ನಿಸುತ್ತದೆ.

ಆದರೆ ಅದೇ ಮೊಗಸಾಲೆಯಲ್ಲಿ ಇನ್ನೊಂದೂ ಆಗುತ್ತದೆ. ಆಚೆ ಬದಿಯಲ್ಲಿ ಗೋಡೆಗೆ ಬಾಯಿಟ್ಟು ಒಬ್ಬರು ಪಿಸುಗುಟ್ಟಿದರೆ ಈಚೆ ಇರುವವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಮಾರ್ದನಿಗೂ ಪಿಸುಮಾತಿಗೂ ಏನು ವ್ಯತ್ಯಾಸ? ಮಾರ್ದನಿ ನಾವು ಹೇಳದ್ದನ್ನು ಎಂದೂ ಹೇಳುವುದಿಲ್ಲ. ಪಿಸುಮಾತಿನಲ್ಲಿ ನಮ್ಮದಲ್ಲದ ಒಂದು ಮಾತು ಇರುತ್ತದೆ.

ಸತ್ಯವೇದದಲ್ಲಿ (ಬೈಬಲ್‌ನಲ್ಲಿ) ದೇವರು ಕರೆದವರ ಕಥೆಗಳನ್ನು ಒಂದಾದ ಮೇಲೊಂದು ಓದಿ ನೋಡಿ. ಅವರ ಮನಸ್ಸಿನಲ್ಲಿ ಇಲ್ಲದ ಒಂದು ಮಾತು ಬಂದೇ ಬರುತ್ತದೆ. ಬಾಲಕ ಸಮುವೇಲ ಮೂರು ಸಲ ಎದ್ದು ಓಡಿದ್ದು ಮುದುಕ ಯಾಜಕ ಏಲಿಯ ಹತ್ತಿರ. ದೇವರ ದನಿ ಅವನಿಗೆ ದಿನಾ ಕೇಳುವ ಮನುಷ್ಯನ ದನಿಯ ಹಾಗೆ ಕೇಳಿತು. ಅದು ಏಲಿಯ ದನಿ ಅಲ್ಲ ಅಂತ ಹುಡುಗನಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಕಣ್ಣು ಮಂಜಾಗಿದ್ದ ಆ ಮುದುಕನಿಗೆ. ನಾಲ್ಕನೇ ಸಲ ಹುಡುಗ ಕೇಳಿಸಿಕೊಂಡ. ಆಗ ಬಂದ ಮಾತಾದರೂ ಏನು? ಸಾಕಿದ ಏಲಿಯ ಮನೆತನದ ಮೇಲೆ ಬರಲಿರುವ ಶಿಕ್ಷೆಯ ಸುದ್ದಿ. ಯಾವ ಹುಡುಗ ಅಂಥ ಮಾತನ್ನು ಆಸೆಪಟ್ಟು ಕೇಳಿಸಿಕೊಳ್ಳುತ್ತಾನೆ? ಬೆಳಗಿನವರೆಗೆ ಮಲಗಿಯೇ ಇದ್ದ, ಹೇಳಲು ಹೆದರಿದ ಅಂತ ಬರೆದಿದೆ. ನನಗೆ ಆ ಹೆದರಿಕೆಯೇ ದೊಡ್ಡ ಗುರುತಾಗಿ ಕಾಣುತ್ತದೆ.

ಇನ್ನು ಮೋಶೆ. ಅವನ ಕಥೆಯಲ್ಲಿ ನಾವೆಲ್ಲ ಉರಿಯುವ ಪೊದೆಯನ್ನು ನೋಡುತ್ತೇವೆ. ಪೊದೆಯಿಂದ ಬಂದ ಮಾತನ್ನು ಅಷ್ಟು ಗಮನಿಸುವುದಿಲ್ಲ. ಅಲ್ಲಿ ದೇವರು ಹೇಳುವುದು ಐಗುಪ್ತದಲ್ಲಿರುವ (ಈಜಿಪ್ಟ್) ತನ್ನ ಜನರ ಕಷ್ಟ ನೋಡಿದ್ದೇನೆ, ಅವರ ಮೊರೆ ಕೇಳಿದ್ದೇನೆ ಅಂತ. ಹೋಗು ಅನ್ನುವ ಮಾತು ಅದಾದ ಮೇಲೆ. ಕನ್ನಡದಲ್ಲಿ ಎಷ್ಟು ಚೆನ್ನಾಗಿದೆ ನೋಡಿ: ಕರೆ, ಮೊರೆ. ಮೊರೆ ಮೊದಲು, ಕರೆ ಆಮೇಲೆ. ಅಪೊಸ್ತಲ ಪೌಲನಿಗೆ ತ್ರೋವ ಊರಿನಲ್ಲಿ ರಾತ್ರಿ ಕಂಡದ್ದೂ ಹಾಗೆಯೇ. ಮಕೆದೋನ್ಯದ ಒಬ್ಬ ಮನುಷ್ಯ ನಿಂತು, ಬಂದು ನಮಗೆ ಸಹಾಯ ಮಾಡು ಅಂತ ಬೇಡಿಕೊಂಡ. (ಅಲ್ಲಿಗೆ ಹೋದ ಮೇಲೆ ಮೊದಲು ಮನಸ್ಸು ತೆರೆದವಳು ಒಬ್ಬ ಹೆಂಗಸು, ನೇರಳೆ ಬಟ್ಟೆ ಮಾರುವ ಲುದ್ಯ.) ಕರೆಯ ಹಿಂದೆ ಹೋಗಿ ನೋಡಿದರೆ ಯಾರದೋ ಮೊರೆ ಇದ್ದೇ ಇರುತ್ತದೆ.

ಅದಕ್ಕೇ ನಿಮ್ಮನ್ನು ಕೇಳುತ್ತೇನೆ. ನಿಮಗೆ ಯಾರ ಮೊರೆ ಕೇಳುತ್ತಿದೆ?

ಇಷ್ಟು ಒತ್ತಿ ಕೇಳುವುದಕ್ಕೆ ಕಾರಣ ಇದೆ. ನಾನು 27ನೇ ವಯಸ್ಸಿನಲ್ಲಿ ಬೆಳಗಾವಿಯ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲಸದಲ್ಲಿದ್ದೆ. ಮೂರು ರಾತ್ರಿಯ ಒಂದು ಕೂಟಕ್ಕೆ ಹೋದೆ. ಕೊನೆಯ ರಾತ್ರಿ, ಸೇವೆಗೆ ಬರುವವರು ಎದ್ದು ನಿಲ್ಲಿ ಅಂದರು. ಎದ್ದು ನಿಂತೆ. ಅತ್ತುಬಿಟ್ಟೆ. ಆ ಕಣ್ಣೀರು ಸುಳ್ಳಾಗಿರಲಿಲ್ಲ. ಆದರೆ ಅದೇ ವಾರ ಹೆಂಡತಿಯನ್ನೂ ಕೇಳದೆ ಕೆಲಸ ಬಿಟ್ಟೆ. ನಮ್ಮ ಜೊತೆ ಬಾ, ಎಲ್ಲ ನೋಡಿಕೊಳ್ಳುತ್ತೇವೆ ಅಂದವರು ಐದು ತಿಂಗಳಿಗೆ ಮಾತು ಬದಲಿಸಿದರು. ಮನೆ ಬಾಡಿಗೆಗೆ ಅವಳ ಬಳೆ ಅಡವಿಟ್ಟೆ. ಆ ದಿನಗಳನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ. ಯಾರ ಹತ್ತಿರ ಹೋಗಬೇಕು, ಯಾಕೆ ಹೋಗಬೇಕು ಅಂತ ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದದ್ದು ವೇದಿಕೆ ಮಾತ್ರ.

ಎರಡು ವರ್ಷ ಕಳೆಯಿತು. ಬೇರೆ ಕಡೆ ಕೆಲಸ ಸಿಕ್ಕಿತ್ತು. ಒಂದು ಸಂಜೆ ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಕಿಟಕಿಯಿಂದ ಕೂಗಿದಳು: "ತಮ್ಮಾ, ಒಂದೀಟ ಕೀರ್ತನೆ ಓದಿ ಹೇಳ್ತೀಯೇನಪಾ? ಕಣ್ಣ ಕಾಣವಲ್ಲವು." ಹೋಗಿ ಓದಿದೆ. ಮರುದಿನವೂ ಹೋದೆ. ಅವಳನ್ನು ಆಸ್ಪತ್ರೆಗೆ ಸೇರಿಸಿದಾಗ ಅಲ್ಲೂ ಹೋಗಿ ಓದಿದೆ. ಪಕ್ಕದ ಮಂಚದವರು, ನಮ್ಮ ಹತ್ತಿರವೂ ಸ್ವಲ್ಪ ಕೂತುಕೋ ಅಂದರು. ಅಂದಿನಿಂದ ವಾರಕ್ಕೆ ಎರಡು ಸಂಜೆ ರೋಗಿಗಳ ಹತ್ತಿರ ಕೂರುತ್ತೇನೆ. ಕೆಲವರು ಪ್ರಾರ್ಥನೆ ಕೇಳುತ್ತಾರೆ. ಜಾಸ್ತಿ ಜನ ಸುಮ್ನೆ ಯಾರಾದರೂ ಜೊತೆಗಿರಲಿ ಅನ್ನುತ್ತಾರೆ. ದೇವರು ನನ್ನನ್ನು ಕರೆದದ್ದು ಎಂದು, ಎಲ್ಲಿ ಅಂತ ಯಾರಾದರೂ ಕೇಳಿದರೆ ನಾನು ಆ ಕಿಟಕಿಯನ್ನು ತೋರಿಸುತ್ತೇನೆ.

"ದೊಡ್ಡ ಕೆಲಸ" ಅಂತ ಬರೆದಿದ್ದೀರಿ. ಈ ಮಾತಿನ ಹತ್ತಿರ ಸ್ವಲ್ಪ ನಿಲ್ಲೋಣ. ಮಾರ್ಕನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಸಮಾಧಿಗಳ ನಡುವೆ ಇದ್ದ ಒಬ್ಬ ಮನುಷ್ಯನನ್ನು ಯೇಸು ಗುಣಪಡಿಸುತ್ತಾನೆ. ಅವನು ದೋಣಿ ಹತ್ತಿ ಜೊತೆಗೆ ಬರುತ್ತೇನೆ ಅಂತ ಬೇಡಿಕೊಳ್ಳುತ್ತಾನೆ. ಪೂರ್ಣಾವಧಿ ಸೇವೆ ಅಂದರೆ ಅದೇ ತಾನೆ? ಯೇಸು ಒಪ್ಪುವುದಿಲ್ಲ. ನಿನ್ನ ಮನೆಗೆ, ನಿನ್ನವರ ಹತ್ತಿರ ಹೋಗು ಅನ್ನುತ್ತಾನೆ. ಪೇತ್ರನಿಗೆ ಬಲೆ ಬಿಟ್ಟು ಬಾ ಅಂದವನೇ ಇವನಿಗೆ ಮನೆಗೆ ಹೋಗು ಅಂದ. ಎರಡೂ ಕರೆಗಳೇ. ಮನೆಗೆ ಹೋದವನದು ಸಣ್ಣ ಕರೆ ಅಂತ ಸುವಾರ್ತೆ ಎಲ್ಲೂ ಹೇಳುವುದಿಲ್ಲ. ಅವನು ದೆಕಪೊಲಿ ಸೀಮೆಯಲ್ಲೆಲ್ಲ ಸಾರಿದ, ಕೇಳಿದವರು ಬೆರಗಾದರು ಅಂತ ಹೇಳುತ್ತದೆ. ಯೊಪ್ಪ ಊರಿನ ತಬಿಥ ಸತ್ತಾಗ ವಿಧವೆಯರು ಪೇತ್ರನಿಗೆ ಅಳುತ್ತಾ ತೋರಿಸಿದ್ದು ಅವಳು ಹೊಲಿದು ಕೊಟ್ಟ ಅಂಗಿಗಳನ್ನು.

ಬೋಧಕರದ್ದು ಮಾತ್ರ ಕರೆ, ಉಳಿದವರದ್ದು ಬರೀ ಹೊಟ್ಟೆಪಾಡು ಅನ್ನುವ ಭಾವನೆಯನ್ನು 16ನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಗಟ್ಟಿಯಾಗಿ ಎದುರಿಸಿದರು. ಜರ್ಮನ್ ಭಾಷೆಯಲ್ಲಿ ಉದ್ಯೋಗಕ್ಕೆ 'ಬೆರೂಫ್' ಅನ್ನುತ್ತಾರೆ. ಕರೆಯುವುದು ಅನ್ನುವ ಅರ್ಥ ಆ ಪದದೊಳಗೇ ಇದೆ. ಕಥೋಲಿಕ ಸಭೆಯೂ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, 1964ರಲ್ಲಿ, ಪವಿತ್ರ ಬದುಕಿನ ಕರೆ ಎಲ್ಲ ವಿಶ್ವಾಸಿಗಳಿಗೂ ಇದೆ ಅಂತ ಸ್ಪಷ್ಟವಾಗಿ ಹೇಳಿತು. ಬಸವಣ್ಣನ ಕೂಡಲಸಂಗಮವನ್ನು ಮಗ್ಗುಲಲ್ಲೇ ಇಟ್ಟುಕೊಂಡ ನಮ್ಮ ಸೀಮೆಯವರಿಗೆ ಇದು ಬೇಗ ಅರ್ಥವಾಗಬೇಕು. ಕಾಯಕ ಅನ್ನುವ ಪದ ಕೇಳಿಯೇ ಬೆಳೆದವರು ನಾವು. ಶರಣರ ದಾರಿ ಬೇರೆ, ನಮ್ಮ ವಿಶ್ವಾಸ ಬೇರೆ, ನಿಜ. ಆದರೂ ಕೈಯಲ್ಲಿರುವ ಕೆಲಸ ಕೀಳಲ್ಲ ಅನ್ನುವುದನ್ನು ನಮ್ಮ ನೆಲ ನಮಗೆ ಮೊದಲೇ ಹೇಳಿಕೊಟ್ಟಿದೆ.

ನಮ್ಮ ಕಡೆ ಬಂದ ಮಿಷನರಿಗಳನ್ನೇ ನೋಡಿ. ಜೋಸೆಫ್ ಟೇಲರ್ 1820ರಲ್ಲಿ ಬಳ್ಳಾರಿಯಿಂದ ಬೆಳಗಾವಿಗೆ ಬಂದರು. ಬಾಸೆಲ್ ಮಿಷನ್ 1851ರಲ್ಲಿ ಗುಳೇದಗುಡ್ಡಕ್ಕೆ, ಖಣ ನೇಯುವ ಊರಿಗೆ ಬಂತು. ಅದೇ ಮಿಷನ್ ಮಂಗಳೂರಿಗೆ ನೇಕಾರರನ್ನು, ಬೇರೆ ಕಸುಬಿನವರನ್ನು ಕಳಿಸಿತ್ತು. ಅಲ್ಲಿ 1865ರಲ್ಲಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದರು. ಕಿಟ್ಟೆಲ್ 1853ರಲ್ಲಿ ಸುವಾರ್ತೆ ಸಾರಲು ಬಂದವರು. ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ಹಡಗು ಹತ್ತುವಾಗ ಒಂದು ಭಾಷೆಯ ಪದಗಳನ್ನೆಲ್ಲ ಕೂಡಿಸುವ ಕೆಲಸ ತನ್ನ ಪಾಲಿಗೆ ಬರುತ್ತದೆ ಅಂತ ಅವರಿಗೆ ಎಲ್ಲಿ ಗೊತ್ತಿತ್ತು? ಕರೆಯ ಪೂರ್ತಿ ಆಕಾರ ಮೊದಲ ದಿನವೇ ಕಾಣುವುದಿಲ್ಲ.

ಈಗ ಪರೀಕ್ಷಿಸುವ ಬಗೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಸಂತ ಇಗ್ನೇಷಿಯಸ್ ಲೊಯೋಲರದು. ಬೆಳಗಾವಿಯ ಸೇಂಟ್ ಪಾಲ್ಸ್ ಹೈಸ್ಕೂಲು ನಡೆಸುವ ಜೆಸ್ವಿಟ್ ಫಾದರ್‌ಗಳ ಸಂಘ ಕಟ್ಟಿದವರು ಅವರೇ. 1521ರಲ್ಲಿ ಸ್ಪೇನಿನ ಪಾಂಪ್ಲೋನದ ಯುದ್ಧದಲ್ಲಿ ತೋಪಿನ ಗುಂಡು ಬಡಿದು ಅವರ ಕಾಲು ಮುರಿಯಿತು. ಹಾಸಿಗೆಯಲ್ಲಿ ಮಲಗಿ ಎರಡು ಬಗೆಯ ಕನಸು ಕಾಣುತ್ತಿದ್ದರು. ಒಂದು, ಮತ್ತೆ ವೀರನಾಗಿ ಮೆರೆಯುವುದು. ಇನ್ನೊಂದು, ಸಂತರ ಹಾಗೆ ಕ್ರಿಸ್ತನ ಹಿಂದೆ ಹೋಗುವುದು. ಕನಸು ಕಾಣುವಾಗ ಎರಡೂ ಸಿಹಿಯೇ. ವ್ಯತ್ಯಾಸ ಗೊತ್ತಾದದ್ದು ಆಮೇಲೆ. ಮೊದಲನೆಯದು ಮುಗಿದಾಗ ಮನಸ್ಸು ಒಣಗಿದ ಹಾಗೆ ಆಗುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಮಾಧಾನ ಉಳಿಯುತ್ತಿತ್ತು. ನೀವೂ ನಿಮ್ಮ "ದೊಡ್ಡ ಕೆಲಸ"ವನ್ನು ಕಣ್ಣ ಮುಂದೆ ತಂದುಕೊಳ್ಳಿ. ಆಮೇಲೆ ಎದ್ದು ರೊಟ್ಟಿ ಬಡಿಯಿರಿ, ಮಕ್ಕಳ ಜಡೆ ಹಾಕಿ. ಆಗ ಮನಸ್ಸು ಹೇಗಿದೆ ನೋಡಿ. ಮನೆಯವರ ಮೇಲೆ ಸಿಡುಕು ಬರುತ್ತಿದೆಯೇ? ಅವರ ಮೇಲೆ ಇನ್ನೂ ಪ್ರೀತಿ ಹುಟ್ಟುತ್ತಿದೆಯೇ? ಒಂದು ದಿನದ್ದನ್ನು ನಂಬಬೇಡಿ. ಕೆಲವು ತಿಂಗಳು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಇಗ್ನೇಷಿಯಸ್ ಇನ್ನೊಂದು ಮಾತು ಹೇಳಿದ್ದಾರೆ. ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಮೊದಲು ಮಾಡಿದ ತೀರ್ಮಾನ ಬದಲಿಸಬಾರದು. ಹೆಡ್‌ಮಾಸ್ಟರ್ ಬೈದ ಸಂಜೆ ರಾಜೀನಾಮೆ ಬರೆಯಬೇಡಿ, ಅಷ್ಟೇ.

ಎರಡನೆಯದು, ಒಬ್ಬರೇ ತೀರ್ಮಾನಿಸಬೇಡಿ. ಸಮುವೇಲನಿಗೂ ಏಲಿ ಬೇಕಾಯಿತು. ಅಂತಿಯೋಕ್ಯದಲ್ಲಿ ಬಾರ್ನಬನನ್ನೂ ಸೌಲನನ್ನೂ (ಪೌಲನೇ ಅವನು) ಬೇರೆ ಮಾಡಿ ಕಳಿಸಿರಿ ಅಂತ ಪವಿತ್ರಾತ್ಮ ಹೇಳಿದ್ದು ಉಪವಾಸವಿದ್ದ ಸಭೆಗೆ. ಸಭೆ ಪ್ರಾರ್ಥಿಸಿ, ಕೈಯಿಟ್ಟು ಕಳಿಸಿತು. ನಿಮ್ಮ ಗಂಡನಿಗೆ ಎಲ್ಲ ಬಿಚ್ಚಿ ಹೇಳಿ. ನಿಮ್ಮನ್ನು ಹತ್ತು ವರ್ಷದಿಂದ ಬಲ್ಲ ಒಬ್ಬ ಹಿರಿಯರನ್ನು ಕೇಳಿ, ನಿಮ್ಮನ್ನು ಹೊಗಳದ ಒಬ್ಬರನ್ನೂ ಕೇಳಿ. ದೇವರು ನಿಮ್ಮ ಬಗ್ಗೆ ನನಗೆ ಹೇಳಿದ್ದಾನೆ, ಕೂಡಲೇ ಕೆಲಸ ಬಿಡಿ ಅಂತ ಅವಸರ ಮಾಡುವವರಿಂದ ದೂರ ಇರಿ. ಅದರಲ್ಲೂ ದುಡ್ಡಿನ ಮಾತು ಬಂದರೆ.

ಅವಸರ ಬೇಡ ಅನ್ನುವುದಕ್ಕೆ ನೆಹೆಮೀಯನಿಗಿಂತ ಒಳ್ಳೆಯ ಗುರು ಇಲ್ಲ. ಅವನು ಶೂಷನ್ ಅರಮನೆಯಲ್ಲಿ ರಾಜನ ಪಾನಸೇವಕ. ಯೆರೂಸಲೇಮಿನ ಗೋಡೆ ಬಿದ್ದಿದೆ, ಉಳಿದ ಜನ ಕಷ್ಟದಲ್ಲಿದ್ದಾರೆ ಅನ್ನುವ ಸುದ್ದಿ ಕೇಳಿ ಕೂತು ಅತ್ತ. ಅಲ್ಲೂ ಮೊರೆಯೇ ಮೊದಲು. ಆದರೆ ಮರುದಿನವೇ ಹೊರಡಲಿಲ್ಲ. ಕಿಸ್ಲೇವ್ ತಿಂಗಳಿಂದ ನೀಸಾನ್ ತಿಂಗಳವರೆಗೆ, ಸುಮಾರು ನಾಲ್ಕು ತಿಂಗಳು, ಪ್ರಾರ್ಥಿಸುತ್ತಾ ಅದೇ ಕೆಲಸ ಮಾಡಿಕೊಂಡಿದ್ದ. ಆಮೇಲೆ ರಾಜನನ್ನು ಕೇಳಿದ. ಯಾವಾಗ ತಿರುಗಿ ಬರುತ್ತೀ ಅಂತ ರಾಜ ಕೇಳಿದಾಗ ಗಡುವು ಹೇಳಿ ಹೋದ. ರಜೆ ಪಡೆದು ಹೋದ ಹಾಗೆ! ಮರ ಬೇಕು, ಪತ್ರ ಬೇಕು ಅಂತ ಲೆಕ್ಕ ಹಾಕಿಯೇ ಕೇಳಿದ. ಅಲ್ಲಿ ಹೋದ ಮೇಲೆ 52 ದಿನದಲ್ಲಿ ಗೋಡೆ ಎದ್ದಿತು.

ನಿಜವಾಗಿ ಪೂರ್ಣಾವಧಿ ಸೇವೆಯ ಕರೆಯೇ ಆಗಿದ್ದರೆ ಅದಕ್ಕೂ ದಾರಿ ಇದೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಗಲಿ ಮೆಥಡಿಸ್ಟ್ ಆಗಲಿ, ನಿಮ್ಮ ಸಭಾಪಾಲಕರ ಹತ್ತಿರ ಮೊದಲು ಮಾತಾಡಿ. ಮಂಗಳೂರಿನಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ. ಅದರ ಬೇರು 1847ರ ಬಾಸೆಲ್ ಮಿಷನ್ ಸೆಮಿನರಿಯಲ್ಲಿದೆ. ಸಭೆ ಆರಿಸಿ ಕಳಿಸುವುದು, ವರ್ಷಗಟ್ಟಲೆ ಓದುವುದು ನಿಧಾನ ಅನ್ನಿಸಬಹುದು. ಆ ನಿಧಾನವೂ ಒಂದು ಪರೀಕ್ಷೆಯೇ. ನಿಜವಾದ ಕರೆ ಕಾಯುವುದರಿಂದ ಸಾಯುವುದಿಲ್ಲ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ನೀವು ಪ್ರತಿ ಬೆಳಗ್ಗೆ ಹಾಜರಿ ಕರೆಯುತ್ತೀರಿ. ನಿಮ್ಮ ಕಡೆಯಿಂದ ಎಷ್ಟೋ ಮನೆಯವರು ಗೋವಾಕ್ಕೆ, ಮಹಾರಾಷ್ಟ್ರಕ್ಕೆ, ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಆಗ ಕೆಲವು ಹೆಸರು ಕರೆದರೆ "ಎಸ್ ಟೀಚರ್" ಅನ್ನುವ ದನಿ ಬರುವುದಿಲ್ಲ. ಕೆಲವು ಮಕ್ಕಳು ಅಪ್ಪ ಅಮ್ಮನ ಜೊತೆ ಹೋಗಿರುತ್ತಾರೆ. ಕೆಲವರು ಅಜ್ಜಿಯ ಹತ್ತಿರ ಉಳಿದು, ತಮ್ಮ ತಂಗಿಯರನ್ನು ನೋಡಿಕೊಳ್ಳಲು ಶಾಲೆ ಬಿಟ್ಟಿರುತ್ತಾರೆ. ಆ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ನಿಮ್ಮ ಸತ್ಯವೇದದೊಳಗೆ ಇಟ್ಟುಕೊಳ್ಳಿ. ಅವರ ಮನೆಯ ದೇವರು ಯಾರು ಅಂತ ನೋಡುವುದು ಬೇಡ. ಗಾಯಗೊಂಡು ಬಿದ್ದವನನ್ನು ಸಮಾರ್ಯದವನು ಅದೊಂದನ್ನೂ ಕೇಳಲಿಲ್ಲ. ನೆಹೆಮೀಯನ ಹಾಗೆ ನಾಲ್ಕು ತಿಂಗಳು ಆ ಹೆಸರು ಹಿಡಿದು ಪ್ರಾರ್ಥಿಸಿ. ನಡುವೆ ಒಂದು ಸಂಜೆ ಯಾವುದಾದರೂ ಒಂದು ಮನೆಗೆ ಹೋಗಿ ಅಜ್ಜಿಯ ಹತ್ತಿರ ಕೂತು ಬನ್ನಿ. ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಅದರಲ್ಲಿ ಆ ಮಕ್ಕಳ ಬಗ್ಗೆ ಬರೆಯಿರಿ.