ಗಣಿ ಮುಚ್ಚಿತು, ಚರ್ಚಿನ ಜಾಗ ಯಾರದ್ದು?

ಕೋಲಾರದ ಚಿನ್ನದ ಗಣಿ ಪ್ರದೇಶ ಕೆಜಿಎಫ್‌ನ ಹಳೇ ಚರ್ಚುಗಳ ಮಾತು ಬಂದರೆ ಕಟ್ಟಡದ ಚೆಂದದಲ್ಲೇ ಮುಗಿದುಹೋಗುತ್ತದೆ. ಅಡಿಯ ಜಾಗ ಯಾರ ಹೆಸರಲ್ಲಿದೆ ಎಂದು ಕೇಳುವವರು ಕಡಿಮೆ.

ಬ್ರಿಟಿಷ್ ಕಂಪನಿ ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಗಣಿ ಕೆಲಸ ಹಿಡಿದಾಗ ಸುತ್ತ ಚಿಕ್ಕ ಹಳ್ಳಿಗಳಷ್ಟೇ. ಮೇಲ್ವಿಚಾರಣೆಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕಸುಬಿನವರು ಬಂದರು, ಸುರಂಗಕ್ಕಿಳಿದವರಲ್ಲಿ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯವರೇ ಹೆಚ್ಚು. ಸುರಂಗಕ್ಕಿಳಿಯುವ ಬಾವಿಯಂಥ ಶಾಫ್ಟ್ ಪಕ್ಕ ಲೈನ್ ಮನೆ, ಆಸ್ಪತ್ರೆ, ಕ್ಲಬ್ಬು ಎದ್ದವು. ಊರಿಗಾಂ, ಚಾಂಪಿಯನ್ ರೀಫ್ಸ್‌ಗಳಲ್ಲಿ ಚರ್ಚುಗಳೂ ಎದ್ದವು. ಭಕ್ತಿಯೊಂದೇ ಕಾರಣವಲ್ಲ. ಭಾನುವಾರ ಪ್ರಾರ್ಥನೆಗೆ ಹೋದವನು ಸೋಮವಾರ ಪಾಳಿ ತಪ್ಪಿಸಲಾರ ಎಂಬ ಲೆಕ್ಕಾಚಾರ ಆ ಕಾಲದ ಮಾಲೀಕರಲ್ಲಿ ಸಾಮಾನ್ಯವಾಗಿತ್ತು.

ತೊಡಕು ಇರುವುದು ಗುತ್ತಿಗೆಯಲ್ಲಿ. ಗಣಿ ನೆಲ ಮೈಸೂರು ಸಂಸ್ಥಾನದ್ದು, ಕಂಪನಿ ಗುತ್ತಿಗೆದಾರ ಮಾತ್ರ. ತನಗಿಲ್ಲದ ಒಡೆತನವನ್ನು ಗುತ್ತಿಗೆದಾರ ಚರ್ಚಿಗೆ ದಾನ ಮಾಡಲಾರ. ಗಣಿ 1956ರಲ್ಲಿ ರಾಜ್ಯ ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಕೇಂದ್ರದ್ದೇ ಕಂಪನಿಯಾದ ಭಾರತ್ ಗೋಲ್ಡ್ ಮೈನ್ಸ್‌ಗೆ ಹೋಯಿತು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಇಂಥ ಪ್ರತಿ ಕೈಬದಲಿನಲ್ಲೂ ನೋಡಬೇಕಾದದ್ದು, ಚರ್ಚಿನ ಅಳತೆಯ ಜಾಗವನ್ನು ಬೇರೆ ಮಾಡಿದ ಕಾಗದ ಉಂಟೇ ಎಂಬುದು.

ಹುಡುಕಾಟ ಸರ್ವೆ ನಂಬರ್ ಮತ್ತು ನಕ್ಷೆಯಿಂದ ಶುರುವಾಗಬೇಕು, ಆಮೇಲೆ ಪಹಣಿ, ನಂತರ ಉಪನೋಂದಣಿ ಕಚೇರಿಯ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಇಸಿಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ. ಗಣಿ ಮ್ಯಾನೇಜರ್ ಬರೆದುಕೊಟ್ಟ ಅನುಮತಿ ಪತ್ರ ಅಲ್ಲಿ ಸಿಗದು. ಖಾತೆ ತೆರಿಗೆಗಷ್ಟೇ, ಒಡೆತನಕ್ಕಲ್ಲ. ಸ್ಥಿರಾಸ್ತಿಯ ದಾನಪತ್ರಕ್ಕೆ ನೋಂದಣಿಯೂ ಇಬ್ಬರು ಸಾಕ್ಷಿಗಳೂ ಬೇಕು. ‘ನೂರು ವರ್ಷದಿಂದ ನಾವೇ ಇದ್ದೇವೆ’ ಎಂಬ ವಾದವೂ ಸುಲಭಕ್ಕೆ ನಿಲ್ಲದು: ಒಡೆಯನ ಒಪ್ಪಿಗೆಯಿಲ್ಲದೆ ಬಹಿರಂಗವಾಗಿ ಅನುಭವಿಸಿ ಹಕ್ಕು ಪಡೆಯುವ ಪ್ರತಿಕೂಲ ಸ್ವಾಧೀನಕ್ಕೆ ಸರ್ಕಾರದ ವಿರುದ್ಧ 30 ವರ್ಷ ಸಾಕು, ನಿಜ. ಆದರೆ ಅನುಮತಿ ಪಡೆದು ಕೂತಿದ್ದರೆ ಅದು ಪ್ರತಿಕೂಲವೇ ಅಲ್ಲ.

ಒಡೆಯ ಯಾರೆಂದು ತೀರ್ಮಾನವಾಗದ ಕಟ್ಟಡದ ರಿಪೇರಿ ಚಂದಾ ಹಣದಲ್ಲಿ, ಸಿಮೆಂಟಿನಲ್ಲಿ ನಡೆಯುತ್ತದೆ. ಸುಣ್ಣದ ಗಾರೆಯ ಗೋಡೆ ಹೀರಿದ ತೇವವನ್ನು ಹೊರಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಇಟ್ಟಿಗೆ ಉದುರುತ್ತದೆ, ಪ್ಲಾಸ್ಟರ್ ಹಪ್ಪಳದಂತೆ ಏಳುತ್ತದೆ. ಅದನ್ನು ಕೆತ್ತಿ ತೆಗೆದು ಒಂದು ಪಾಲು ನೆನೆಸಿದ ಸುಣ್ಣ, ಮೂರು ಪಾಲು ಮರಳಿನ ಗಾರೆ ಹಾಕಬೇಕು, ಕೆಲವು ದಿನ ಒದ್ದೆ ಗೋಣಿ ಹೊದಿಸಬೇಕು. ಬಿರುಕಿದ್ದರೆ ಮೊದಲು ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದಿಡಿ. ಗಣಿ ನೆಲದಲ್ಲಿ ಕುಸಿತದ ಅನುಮಾನ ಸದಾ ಇದ್ದದ್ದೇ. ಗಾಜು ಸೀಳಿದರೆ ಗಾರೆ ಕಲಸುವ ಮುಂಚೆ ಎಂಜಿನಿಯರನ್ನು ಕರೆಸಬೇಕು.