ನೋಟಿಸ್ ಇಸ್ಕೊಳ್ಳದಿದ್ದರೆ ಕೇಸೇ ಇಲ್ಲ ಅಂತ ಯಾರು ಹೇಳಿದರು?

ಪರವಾನಗಿ ಇಲ್ಲದೆ ಕಟ್ಟಿದ್ದೀರಿ ಅಂತ ಪಾಲಿಕೆಯವರು ನೋಟಿಸ್ ತಂದಾಗ "ಯಜಮಾನರು ಊರಾಗಿಲ್ಲ" ಅಂತ ಬಾಗಿಲು ಹಾಕಿಕೊಂಡರೆ ಕೆಲಸ ಮುಗಿಯಿತು ಅಂದುಕೊಳ್ಳುವವರು ಹುಬ್ಬಳ್ಳಿ-ಧಾರವಾಡದಲ್ಲಿ ಬಹಳ ಜನ. ಅವರೆಲ್ಲ ಕೊನೆಗೆ ನಮ್ಮಂಥ ವಕೀಲರ ಹತ್ತಿರ ಬರುತ್ತಾರೆ. ಅದೂ ಜೆಸಿಬಿ ಬರುತ್ತದಂತೆ ಅನ್ನೋ ಸುದ್ದಿ ಕಿವಿಗೆ ಬಿದ್ದ ಮೇಲೆ. ಕೂತ ಕೂಡಲೇ ಹೇಳುವ ಮೊದಲ ಮಾತು: "ವಕೀಲ್ರ, ನಾವು ಸಹೀನ ಮಾಡಿಲ್ಲರಿ."

ಮಾಡದಿದ್ದರೆ ಏನಾಯ್ತು? ಅವರು ನೋಟಿಸನ್ನು ಬಾಗಿಲಿಗೆ ಅಂಟಿಸುತ್ತಾರೆ, ಓಣಿಯ ಇಬ್ಬರನ್ನು ನಿಲ್ಲಿಸಿ ಪಂಚನಾಮೆ ಬರೆಯುತ್ತಾರೆ, ಮೊಬೈಲಲ್ಲಿ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಸಹಿ ಮಾಡಿ ಇಸ್ಕೊಳ್ಳುವ ಪೋಸ್ಟಿನಲ್ಲಿ ಬಂದದ್ದನ್ನು ಬೇಡ ಅಂದರೆ ಪೋಸ್ಟ್‌ಮನ್ ಲಕೋಟೆ ಮೇಲೆ 'ನಿರಾಕರಿಸಿದ್ದಾರೆ' ಅಂತ ಬರೆದು ವಾಪಸ್ ಕಳಿಸುತ್ತಾರೆ. ಸಾಮಾನ್ಯವಾಗಿ ಕೋರ್ಟು ಅದನ್ನು ಮುಟ್ಟಿದೆ ಅಂತಲೇ ಹಿಡಿಯುತ್ತದೆ. ಅಂದರೆ ನೋಟಿಸ್ ನಿಮಗೆ ಮುಟ್ಟಿದೆ, ಉತ್ತರ ಕೊಡುವ ದಿನಗಳು ಕಳೆಯುತ್ತಿವೆ, ಅದರಲ್ಲಿ ಏನಿದೆ ಅಂತ ಮಾತ್ರ ನಿಮಗೆ ಗೊತ್ತಿಲ್ಲ!

ಕರ್ನಾಟಕ ಪೌರ ನಿಗಮಗಳ ಕಾಯ್ದೆ 1976ರ 321ನೇ ಕಲಂ ನೋಡಿ. ಮೊದಲು ಬರುವುದು, ಕಟ್ಟಿದ್ದನ್ನು ಕೆಡವಿ ಇಲ್ಲವೇ ಬದಲಿಸಿ ಅನ್ನುವ ತಾತ್ಕಾಲಿಕ ಆದೇಶ. ಅದರ ಜೊತೆಗೇ, ಇದನ್ನು ಯಾಕೆ ಕಾಯಂ ಮಾಡಬಾರದು ಹೇಳಿ ಅಂತ ಕೇಳುವ ನೋಟಿಸು. ಅವರು ನಿಮ್ಮನ್ನು ಪ್ರಶ್ನೆ ಕೇಳುತ್ತಿದ್ದಾರೆ, ಅಷ್ಟೆ. ನೀವು ಬಾಯಿ ಬಿಡದಿದ್ದರೆ ಆದೇಶ ಕಾಯಂ ಆಗುತ್ತದೆ. ಆಮೇಲೆ ಮೇಲ್ಮನವಿ ಇದೆ, ಅದಕ್ಕೂ ಗಡುವು ಇದೆ. ಅಲ್ಲಿ ಮೊದಲು ಕೇಳುವುದೇ, ಅವತ್ತು ಯಾಕೆ ಸುಮ್ಮನಿದ್ರಿ ಅಂತ.

2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪನ್ನು ವಾಟ್ಸಾಪಿನಲ್ಲಿ ಅರ್ಧ ಓದಿ ಬರುವವರೂ ಇದ್ದಾರೆ. ಕೆಡವುವ ಮೊದಲು ಕಡಿಮೆ ಅಂದರೂ 15 ದಿನದ ನೋಟಿಸ್ ಕೊಡಬೇಕು, ಮಾಲೀಕರ ಮಾತು ಕೇಳಬೇಕು ಅಂತ ಅದರಲ್ಲಿದೆ, ನಿಜ. ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ, ಕಟ್ಟಡಕ್ಕೂ ಅಂಟಿಸಬೇಕು ಅಂತಲೂ ಅದರಲ್ಲೇ ಇದೆ. ಇನ್ನು ರಸ್ತೆ, ಫುಟ್‌ಪಾತಿನಂಥ ಸಾರ್ವಜನಿಕ ಜಾಗದಲ್ಲಿ ಕಟ್ಟಿದ್ದಕ್ಕೆ ಈ ರಕ್ಷಣೆ ಇಲ್ಲ. ಗಟಾರದ ಮೇಲೆ ಮೆಟ್ಟಿಲು ಇಳಿಸಿದವರು, ರಸ್ತೆಗೆ ಕಾರಿನ ರ್‍ಯಾಂಪ್ ಚಾಚಿದವರು ಆ ತೀರ್ಪು ಹಿಡಿದುಕೊಂಡು ನನ್ನ ಹತ್ತಿರ ಬರಬೇಡಿ.

ಗೋಕುಲ ರೋಡ್ ಕಡೆಯ ಒಬ್ಬ ನಿವೃತ್ತ ಮಾಸ್ತರರು ಬಾಗಿಲಿಗೆ ಅಂಟಿಸಿದ ನೋಟಿಸನ್ನು ಸಿಟ್ಟಿನಲ್ಲಿ ಕಿತ್ತು ತಂದಿದ್ದರು. ಹಿಂದೆ ಬಾಗಿಲಿನ ಹಸಿರು ಬಣ್ಣದ ಚಕ್ಕೆ ಅಂಟಿಕೊಂಡಿತ್ತು. ತಾರೀಖು ಇದ್ದ ಮೂಲೆ ಬಾಗಿಲಲ್ಲೇ ಉಳಿದಿತ್ತು! ಮೇಲಿನ ಅಂತಸ್ತಿಗೆ ಪರವಾನಗಿ ಇಲ್ಲ ಅನ್ನುವುದು ಆರೋಪ. ಇದಕ್ಕೆ ಮೊದಲಿನ ಎರಡು ಪತ್ರಗಳನ್ನು ಅವರು ಮುಟ್ಟಿಯೇ ಇರಲಿಲ್ಲ. "ಕಾರ್ಪೊರೇಟರು ನಮ್ಮ ಹುಡುಗನ ದೋಸ್ತರಿ, ಮಾತಾಡ್ತೇನಿ ಅಂದಾರ" ಅಂದರು. ಪರವಾನಗಿ ಏನಾದರೂ ಇದೆಯಾ ಮಾಸ್ತರೇ ಅಂತ ಕೇಳಿದೆ. ಇದೆಯಂತೆ, ಟ್ರಂಕಿನಲ್ಲಿ! ಮೊದಲ ಪತ್ರಕ್ಕೇ ಅದರ ಝೆರಾಕ್ಸ್ ಲಗತ್ತಿಸಿ ಒಂದು ಪುಟ ಬರೆದು ಕೊಟ್ಟಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು. ಈಗ ಮೇಲ್ಮನವಿ, ಫೀಸು, ಓಡಾಟ. ಬೈಯೋಣ ಅಂದರೆ ನನಗಿಂತ ದೊಡ್ಡವರು, ಮೇಲಾಗಿ ಬಂದಾಗೆಲ್ಲ ನನ್ನ ಡ್ರಾಫ್ಟಿನಲ್ಲಿ ಕಾಗುಣಿತ ತಿದ್ದಿ ಹೋಗುತ್ತಾರೆ.

ನಾನು ಕಾನೂನು ಮುರಿದವರ ಪರ ಅಂತ ತಿಳಿಯಬೇಡಿ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತದ್ದನ್ನು ಈ ಊರಿನವರು ಮರೆಯೋದಿಲ್ಲ. ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ, ಬಿಡದೆ ಪಕ್ಕದವರ ಕಿಟಕಿಗೆ ಗೋಡೆ ತಾಗಿಸಿದ್ದರೆ ಎಂಥ ಉತ್ತರ ಬರೆದರೂ ಆ ಗೋಡೆ ಉಳಿಯುವುದು ಕಷ್ಟ. ಆದರೂ ಬರೆಯಿರಿ. ನಾವೇ ತೆಗೆಯುತ್ತೇವೆ, ಇಷ್ಟು ದಿನ ಕೊಡಿ ಅಂತ ಕೇಳಲಿಕ್ಕೆ ಅದೇ ಜಾಗ. ಜೆಸಿಬಿಯವನಿಗೆ ನಿಮ್ಮ ಕಿಚನ್ ಟೈಲ್ಸ್ ಮೇಲೆ ಪ್ರೀತಿ ಇರೋದಿಲ್ಲ.

ವಲಯ ಕಚೇರಿಯಲ್ಲಿ ನಿಂತು ಮಾತಾಡಿ ಬಂದದ್ದು ಉತ್ತರ ಅಲ್ಲ. ಬರೆದು ಕಚೇರಿಯ ಟಪಾಲು ವಿಭಾಗದಲ್ಲಿ ಕೊಡಿ, ನಿಮ್ಮ ಪ್ರತಿಯ ಮೇಲೆ ತಾರೀಖಿನ ಸೀಲು ಹೊಡೆಸಿಕೊಳ್ಳಿ. ಏನು ಬರೆಯಬೇಕು ಅನ್ನೋದು ನಿಮ್ಮ ಕಾಗದ ನೋಡದೆ ಹೇಳಲಿಕ್ಕೆ ಆಗೋದಿಲ್ಲ. ಹಾಗಾಗಿ ನೋಟಿಸು, ಲಕೋಟೆ, ಮಂಜೂರಾದ ಪ್ಲಾನು ಮೂರನ್ನೂ ತನ್ನಿ. ತೆರಿಗೆ ರಸೀದಿಯ ಕಟ್ಟು ತಂದು ಇದೇ ಪರವಾನಗಿ ಅನ್ನಬೇಡಿ. ಆ ಜಗಳ ಇನ್ನೊಂದು ಸಲ ಆಡೋಣ.